ಗಾಳಿ ಇಳಿಸಿದವರು ಯಾರು?

ಪೆಟ್ರೋಲಿನ ಮುಳ್ಳು ಮತ್ತೆ ಕೆಂಪು ಗೆರೆಗೆ ಬಂದು ನಿಂತಿತ್ತು.

"ಮೊನ್ನೆ ತಾನೇ ಹಾಕಿಸಿದ್ದಲ್ವಾ?" ಗಂಡ ಕೇಳಿದ.

"ಹೂಂ, ಮೊನ್ನೆಯೇ," ಹೆಂಡತಿ ಅಂದಳು.

"ಹಾಗಾದ್ರೆ ಎಲ್ಲಿಗೆ ಹೋಯ್ತು?"

"ನಾನೇ ಕುಡಿದೆ. ಸಾಕಾ?"

ಆ ಮನೆಯಲ್ಲಿ ಕೆಲವು ತಿಂಗಳಿಂದ ಇದೇ ಮಾತು. ಗಂಡ ಆ ಮನೆಯ ಮಗ, ಹೆಂಡತಿ ಆ ಮನೆಯ ಸೊಸೆ. ಎರಡನೇ ಮಹಡಿಯ ಚಿಕ್ಕ ಮನೆ. ಕೆಳಗೆ ಗೋಡೆ ಪಕ್ಕದಲ್ಲಿ ನಿಲ್ಲುವ ಹಳೆಯ ಕಾರು. ಗಾಡಿ ಓಡಿಸುವವಳು ಸೊಸೆ. ಬಂಕಿಗೆ ದುಡ್ಡು ಕೊಡುವವನು ಮಗ. ಆದ್ದರಿಂದ ಜಗಳಕ್ಕೆ ಬರವಿರಲಿಲ್ಲ.

"ಭಾನುವಾರ ಗುಜರಿಯವನು ಬರ್ತಾನೆ," ಮಗ ಮನೆಯೊಳಗೆ ಬಂದು ಬೂಟು ಬಿಚ್ಚುತ್ತಾ ಹೇಳಿದ. "ಹೇಳಿ ಬಂದಾಯ್ತು. ಗಾಡಿ ಕೊಟ್ಟುಬಿಡೋದೇ."

ಸೊಸೆ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಅತ್ತೆ ಕಿಟಕಿ ಹಿಡಿದು ನಿಂತಿದ್ದರು. ಊರುಗೋಲು ಮೂಲೆಯಲ್ಲಿತ್ತು. ಸೊಂಟದ ಹತ್ತಿರ ಬೆನ್ನಿನ ಆಪರೇಷನ್ ಆದಮೇಲೆ ಮಲಗಿದ್ದವರು ಈಗ ಅಡುಗೆಮನೆಯಿಂದ ಕಿಟಕಿಯವರೆಗೆ ಊರುಗೋಲಿಲ್ಲದೆ ಬರುತ್ತಿದ್ದರು. ಬುಧವಾರ, ಶುಕ್ರವಾರ ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ಬಿಸಿನೀರಿನ ಕೊಳಕ್ಕೆ ಇಳಿದು ಮಾಡುವ ವ್ಯಾಯಾಮದ ಫಲ ಅದು. ಬಸ್ಸಿನ ಎತ್ತರದ ಮೆಟ್ಟಿಲು ಅವರಿಗೆ ಹತ್ತಲಾಗದು. ಬಾಡಿಗೆ ಕಾರಿಗೆ ಕೊಡುವಷ್ಟು ಈ ಮನೆಯಲ್ಲಿ ಇಲ್ಲ. ಕಾರು ಹೋದರೆ ಕೊಳವೂ ಹೋಯಿತು.

"ಹೋದ್ರೆ ಹೋಗ್ಲಿ ಬಿಡು," ಅತ್ತೆ ಅಲ್ಲಿಂದಲೇ ಅಂದರು. "ಇಷ್ಟು ನಡೆದೆನಲ್ಲ, ಸಾಕು."

ಸಾಕು ಅನ್ನುವ ದನಿಯಾಗಿರಲಿಲ್ಲ ಅದು.

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಜೀವಮಾನವೆಲ್ಲಾ ಕನ್ನಡಕದಂಗಡಿ ನಡೆಸಿದವರು ಅವರು. ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಗಾಡಿ ಓಡಿಸಲು ಬರದು. ಸಂಜೆ ಕೆಳಗಿಳಿದು ಕಾರಿಗೆ ಹೊದಿಕೆ ಹೊದಿಸಿ ಬರುವುದಷ್ಟೇ ಅವರ ಪಾಲಿನ ಕೆಲಸ.

"ಹಳೇ ಗಾಡಿ ಅಂದಮೇಲೆ ಸ್ವಲ್ಪ ಹೆಚ್ಚೇ ಕುಡಿಯುತ್ತೆ," ಅಂದು ಅವರು ಎದ್ದರು. ಹೊದಿಕೆಯ ಹೊತ್ತಾಗಿತ್ತು.

ಸೊಸೆ ಸುಮ್ಮನೆ ಕೂತವಳಲ್ಲ. ಮೆಕ್ಯಾನಿಕ್ ಹತ್ತಿರ ಹೋಗಿ ಏರ್ ಫಿಲ್ಟರ್ ತೆಗೆಸಿದ್ದಳು. ಅದು ಒಲೆ ಒರೆಸಿದ ಬಟ್ಟೆಯ ಹಾಗಿತ್ತು. ಹೊಸದು ಹಾಕಿಸಿದಳು. ಸ್ಪಾರ್ಕ್ ಪ್ಲಗ್ ಬದಲಾಯಿಸಿದಳು. ಪೆಟ್ರೋಲ್ ಎಲ್ಲಾದರೂ ಸೋರುತ್ತಿದೆಯೇ ಅಂತ ಪೈಪುಗಳನ್ನು ನೋಡಿಸಿದಳು. ಸೋರುತ್ತಿರಲಿಲ್ಲ. ಕೆಲವು ದಿನ ಪರವಾಗಿಲ್ಲ ಅನ್ನಿಸಿತು. ಆಮೇಲೆ ಮತ್ತೆ ಅದೇ ಹಾಡು. ಬಂಕಿನವನೇ ಮೋಸ ಮಾಡುತ್ತಾನೆ ಅಂದ ಮಗ. ಬಂಕು ಬದಲಾಯಿತು. ಮುಳ್ಳು ಬದಲಾಗಲಿಲ್ಲ. ಮೈಲೇಜ್ ಹೆಚ್ಚಿಸುವ ಔಷಧಿ ಅಂತ ಯಾವುದೋ ಬಾಟಲಿ ತಂದು ಟ್ಯಾಂಕಿಗೆ ಸುರಿದ. ಒಂದು ವಾರ ಕಾರಿನಲ್ಲಿ ವಾರ್ನಿಷಿನ ವಾಸನೆ ಬಂತು, ಅಷ್ಟೆ.

ಇನ್ನು ಟಯರು. ಎಷ್ಟು ಸಲ ಗಾಳಿ ಹಾಕಿಸಿದರೂ ಬೆಳಗಾಗುವಷ್ಟರಲ್ಲಿ ಮೆತ್ತಗಾಗುತ್ತಿದ್ದವು. ಪಂಕ್ಚರ್ ಅಂಗಡಿಯವನು ನಾಲ್ಕನ್ನೂ ಕಳಚಿ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದ. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಹೋದಾಗ ಅವನ ತಾಳ್ಮೆ ತಪ್ಪಿತು.

"ಅಕ್ಕಾ, ತೂತೇ ಇಲ್ಲ. ಪ್ಯಾಚ್ ಎಲ್ಲಿಗೆ ಹಾಕ್ಲಿ? ನನ್ನ ತಲೆಗಾ?"

ಆ ಕಟ್ಟಡದ ಕೆಳಮನೆಯಲ್ಲಿ ಒಬ್ಬಾಕೆ ಇದ್ದಳು. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಎಲ್ಲರೂ ಕರೆಯುತ್ತಿದ್ದದ್ದು ಎಲ್‌ಬೋರ್ಡ್ ಅಕ್ಕ ಅಂತ. ದಿನವಿಡೀ ಹೊಸಬರ ಪಕ್ಕ ಕೂತು ಬ್ರೇಕು, ಬ್ರೇಕು ಅಂತ ಕೂಗಿ ಅವಳ ದನಿಯೇ ಹಾಗಾಗಿತ್ತು. ಗುಜರಿಯವನ ಸುದ್ದಿ ಕೇಳಿ ಮರುದಿನ ಸಂಜೆ ಅವಳು ಕಾರಿನ ಬಳಿ ಬಂದಳು.

"ಲೀಟರಿಗೆ ಎಷ್ಟು ಕೊಡುತ್ತೆ?"

"ಕಡಿಮೆ," ಅಂದಳು ಸೊಸೆ.

"ಕಡಿಮೆ ಅನ್ನೋದು ಒಂದು ಲೆಕ್ಕವೇನೇ? ಜ್ವರ ಎಷ್ಟಿದೆ ಅಂದ್ರೆ ಬಿಸಿ ಇದೆ ಅಂದ ಹಾಗಾಯ್ತು. ಒಂದು ಸಲ ಟ್ಯಾಂಕು ತುಂಬಿಸು. ಮೀಟರ್ ಪಕ್ಕದ ಚಿಕ್ಕ ಗುಂಡಿ ಒತ್ತಿ ಟ್ರಿಪ್ ಸೊನ್ನೆ ಮಾಡು. ಓಡಾಡು. ಮತ್ತೆ ಅದೇ ಬಂಕಲ್ಲಿ ತುಂಬಿಸು. ಎಷ್ಟು ಕಿಲೋಮೀಟರ್ ಓಡಿದೆಯೋ ಅದನ್ನು, ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಭಾಗಿಸು. ಮುಳ್ಳು ನೋಡ್ಕೊಂಡು ಜಗಳ ಆಡಿದ್ರೆ ಗಂಟಲು ನೋವು ಬರುತ್ತೆ, ಅಷ್ಟೇ."

"ಹೋದ ತಿಂಗಳು ಹಾಗೇ ನೋಡಿದ್ದೆ. ಒಂಬತ್ತು ಬಂತು."

"ಅದನ್ನು ಮೊದಲೇ ಬೊಗಳಬಾರದಾ!"

ಅಕ್ಕ ಎಂಜಿನ್ ಮುಟ್ಟಲಿಲ್ಲ. ಮೊದಲು ಹಿಂದಿನ ಡಿಕ್ಕಿ ತೆಗೆದಳು. ಒಳಗೆ ಕಬ್ಬಿಣದ ಒಂದು ಯಂತ್ರ ಹಳೆ ಕಂಬಳಿ ಸುತ್ತಿಕೊಂಡು ಕೂತಿತ್ತು.

"ಇದೇನು?"

"ಮಾವನದು. ಕನ್ನಡಕದ ಗಾಜು ಉಜ್ಜೋ ಮಿಷನ್ನು. ಅಂಗಡಿ ಖಾಲಿ ಮಾಡಿದಾಗ ಇಟ್ಟದ್ದು. ಮನೇಲಿ ಜಾಗ ಇಲ್ಲ."

"ಎತ್ತು ನೋಡೋಣ."

ಇಬ್ಬರೂ ಸೇರಿ ಎತ್ತಿದರು. ಅಲುಗಾಡಿತು, ಮೇಲೇಳಲಿಲ್ಲ.

"ಇಬ್ಬರು ಧಡೂತಿ ಬೀಗರನ್ನು ಪ್ರತಿದಿನ ಊರು ಸುತ್ತಿಸ್ತಿದ್ದೀಯ ನೀನು," ಅಕ್ಕ ಉಸಿರು ಬಿಟ್ಟಳು.

ಆಮೇಲೆ ಮಂಡಿಯೂರಿ ಟಯರಿನ ಮೇಲೆ ಬೆರಳಾಡಿಸಿದಳು. "ಬಾ, ನೋಡು. ಎರಡೂ ಅಂಚು ಸವೆದು ನುಣ್ಣಗಾಗಿದೆ. ನಡುವೆ ಮಾತ್ರ ಹೊಸದರ ಹಾಗಿದೆ. ಗಾಳಿ ಕಡಿಮೆ ಇದ್ದು ಓಡಿದ ಟಯರು ಹೀಗೇ ಸವೆಯೋದು. ಗಾಳಿ ಹೆಚ್ಚಿದ್ದರೆ ನಡು ಸವೆಯುತ್ತೆ."

ಚಾಲಕನ ಬಾಗಿಲ ಅಂಚಿನಲ್ಲಿ ಅಂಟಿಸಿದ ಚೀಟಿ ತೋರಿಸಿದಳು. ಇಷ್ಟು ವರ್ಷ ಆ ಬಾಗಿಲು ತೆಗೆದು ಮುಚ್ಚಿದ ಸೊಸೆ ಅದನ್ನು ಓದಿರಲಿಲ್ಲ. ಟಯರಿನ ಗಾಳಿ ಮೂವತ್ತೆರಡು ಇರಬೇಕು ಅಂತ ಬರೆದಿತ್ತು. ಡ್ರೈವಿಂಗ್ ಸ್ಕೂಲಿನ ಪಂಪು ತಂದು ನಾಲ್ಕಕ್ಕೂ ಅಷ್ಟೇ ತುಂಬಿದರು.

"ನಾಳೆ ಬೆಳಿಗ್ಗೆ ಗಾಡಿ ತೆಗೆಯೋ ಮೊದಲು ನನ್ನನ್ನು ಕರಿ," ಅಕ್ಕ ಅಂದಳು. "ಟಯರು ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ್ಮೇಲೆ ಅದು ಸುಳ್ಳು ಹೇಳುತ್ತೆ."

ಮಾವ ಎಂದಿನಂತೆ ಕೆಳಗಿಳಿದು ಹೊದಿಕೆ ಹೊದಿಸಿ ಬಂದರು.

ಬೆಳಿಗ್ಗೆ ಅಕ್ಕ ಮೊದಲ ಚಕ್ರಕ್ಕೆ ಗಾಳಿ ಅಳೆಯುವ ಕಡ್ಡಿ ಒತ್ತಿದಳು. ಇಪ್ಪತ್ತು. ಎರಡನೆಯದಕ್ಕೆ ಒತ್ತಿದಳು. ಇಪ್ಪತ್ತು. ಮೂರನೆಯದು, ನಾಲ್ಕನೆಯದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗಾಳಿ ತುಂಬುವ ಬಾಯಿಯ ನಾಲ್ಕು ಮುಚ್ಚಳಗಳೂ ಬಿಗಿಯಾಗಿ ತಿರುಗಿಸಿ ಕೂತಿದ್ದವು.

ಅಕ್ಕ ಎದ್ದು ನಿಂತಳು. "ಮೊಳೆ ಚುಚ್ಚಿದ್ರೆ ಒಂದು ಚಕ್ರ ಇಳಿಯುತ್ತೆ. ತುಂಟ ಹುಡುಗರು ಮಾಡಿದ್ರೆ ನಾಲ್ಕೂ ನೆಲ ಹಿಡಿಯುತ್ತೆ. ನಾಲ್ಕಕ್ಕೂ ಒಂದೇ ಅಳತೆ ಅಂದ್ರೆ? ಮೊಳೆ ಇಷ್ಟು ನ್ಯಾಯವಂತ ಅಲ್ಲ ಕಣೇ. ನಿಮ್ಮ ಮನೇಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಬರಬಾರದು ಅನ್ನೋರು ಯಾರಿದ್ದಾರೆ?"

ಸೊಸೆ ತಲೆ ಎತ್ತಿ ಎರಡನೇ ಮಹಡಿಯ ಕಿಟಕಿ ನೋಡಿದಳು. ಅಲ್ಲಿಂದ ಒಂದು ಬೋಳುತಲೆ ಸರಕ್ಕನೆ ಹಿಂದೆ ಸರಿಯಿತು.

ಇಬ್ಬರೂ ಮೇಲೆ ಹೋದಾಗ ಮಾವ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು.

"ಯಜಮಾನ್ರೇ, ಜೇಬಿನಲ್ಲಿ ಏನಿದೆ?" ಅಕ್ಕ ಕೇಳಿದಳು.

"ಕನ್ನಡಕ."

"ಕನ್ನಡಕದ ಜೊತೆಗೆ?"

ಮಾವ ಜೇಬಿಗೆ ಕೈ ಹಾಕಿದರು. ಟಯರಿನ ಗಾಳಿ ಅಳೆಯುವ ಕಡ್ಡಿ ಹೊರಗೆ ಬಂತು. ಸೊಸೆ ತಲೆ ಮೇಲೆ ಕೈ ಹೊತ್ತು ಅಲ್ಲೇ ಕುರ್ಚಿಯಲ್ಲಿ ಕುಸಿದಳು.

"ಮಾವಾ! ನಾನು ದಿನಾ ಗಾಳಿ ತುಂಬಿಸೋದು, ನೀವು ದಿನಾ ಇಳಿಸೋದಾ? ಆ ಪಂಕ್ಚರಿನವನು ನನ್ನನ್ನು ಕಂಡ್ರೆ ಬಾಗಿಲು ಹಾಕ್ಕೋತಾನೆ ಈಗ!"

"ಅಪ್ಪಾ, ನಿಮಗೇನು ಬುದ್ಧಿ..." ಮಗ ಮಾತು ಅರ್ಧಕ್ಕೆ ನುಂಗಿಕೊಂಡ.

ಮಾವ ಹೆಂಡತಿಯ ಕಡೆ ನೋಡದೆ ಹೇಳಿದರು. "ಮೊದಲ ಸಲ ಗಾಳಿ ಹಾಕಿಸಿದ ದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ದಾರಿ ಉದ್ದಕ್ಕೂ ಇವಳು ಅಯ್ಯೋ, ಅಯ್ಯೋ ಅಂತಿದ್ದಳು. ಟಯರು ಕಲ್ಲಿನ ಹಾಗಿತ್ತು. ಮೆತ್ತಗಿದ್ರೆ ಸೊಂಟಕ್ಕೆ ಹಿತ ಅಂತ... ಎಡ ಬಲ ಸಮ ಇರಬೇಕಲ್ಲ, ಅದಕ್ಕೆ ಅಳೆದು ಇಳಿಸ್ತಿದ್ದೆ."

ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಕೋಣೆಯಿಂದ ಹೊರಗೆ ಬಂದರು.

"ರೀ. ಅಯ್ಯೋ ಅಂದದ್ದು ಟಯರಿಗಲ್ಲ."

"ಮತ್ತೆ?"

"ಇವಳು ಗಾಡಿ ಬಿಡೋ ಚಂದಕ್ಕೆ."

"ಅತ್ತೇ!"

"ಹೌದಮ್ಮ. ಬೇಜಾರು ಮಾಡ್ಕೋಬೇಡ. ಕೆಲಸಕ್ಕೆ ಹೊತ್ತಾಯ್ತು ಅಂತ ಭರ್ರನೆ ಹೋಗ್ತೀಯ, ಮುಂದಿನ ಗಾಡಿ ಬಾಲಕ್ಕೆ ಮೂಗು ತಾಗೋವಾಗ ಬ್ರೇಕ್ ಒತ್ತುತೀಯ. ನನ್ನ ಜೀವ ಬಾಯಿಗೆ ಬರುತ್ತೆ. ಸೀಟು ಬೇರೆ ಗುಂಡಿ ಬಿದ್ದಿದೆ." ಅವರು ಗಂಡನ ಕಡೆ ತಿರುಗಿದರು. "ಇಷ್ಟು ದಿನ ಕತ್ತಲಲ್ಲಿ ಹೋಗಿ ಬಗ್ಗಿ ಕೂತು ಆ ಕೆಲಸ ಮಾಡಿದ್ರಲ್ಲ, ಪಕ್ಕದಲ್ಲೇ ಮಲಗೋಳನ್ನ ಒಂದು ಮಾತು ಕೇಳೋಕೆ ಏನು ಕಷ್ಟ ಇತ್ತು ನಿಮಗೆ?"

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಮೊದಲೇ ಸ್ವಚ್ಛವಾಗಿತ್ತು.

"ಅದೆಲ್ಲಾ ಸರಿ ಅಕ್ಕ," ಮಗ ಅಂದ. "ಗಾಳಿಗೂ ಪೆಟ್ರೋಲಿಗೂ ಏನು ಸಂಬಂಧ? ಹಳೇ ಎಂಜಿನ್ನು, ಅಷ್ಟೇ."

"ಗಾಳಿ ಇಳಿದ ಸೈಕಲ್ ತುಳಿದಿದ್ದೀಯಾ?"

"ತುಳಿದಿದ್ದೀನಿ."

"ತೊಡೆ ಏನು ಹೇಳ್ತು?"

ಮಗ ತೊಡೆ ಸವರಿಕೊಂಡ.

"ಎಂಜಿನ್ನೂ ಅದನ್ನೇ ಹೇಳೋದು. ಅದಕ್ಕೆ ಬಾಯಿ ಇಲ್ಲ, ಪೆಟ್ರೋಲ್ ಕುಡಿದು ಹೇಳುತ್ತೆ. ಪೆಟ್ರೋಲ್ ಬಿಡು, ಮೆತ್ತಗಿರೋ ಟಯರು ಓಡ್ತಾ ಓಡ್ತಾ ಬಿಸಿಯಾಗಿ ದೊಡ್ಡ ರಸ್ತೆಯಲ್ಲಿ ಢಮ್ ಅಂದ್ರೆ? ಸೊಂಟ ಉಳಿಸೋಕೆ ಹೋಗಿ ಏನು ಕಳ್ಕೊಳ್ತಿದ್ರಿ, ಯಜಮಾನ್ರೇ, ಯೋಚಿಸಿ." ಆಮೇಲೆ ಅಕ್ಕ ದನಿ ತಗ್ಗಿಸಿದಳು. "ಆದ್ರೆ ತಪ್ಪು ಅವರೊಬ್ಬರದೇ ಅಲ್ಲ. ಡಿಕ್ಕಿಯ ಭಾರ ಇದೆ. ಅಮ್ಮ ಮೆಟ್ಟಿಲಿಳಿದು ಬರುವವರೆಗೂ ಗಾಡಿ ಸ್ಟಾರ್ಟ್ ಮಾಡಿಯೇ ನಿಲ್ಲಿಸ್ತೀರಲ್ಲ, ದಿನಾ ನೋಡ್ತೀನಿ ನಾನು, ಅದಿದೆ. ಇವಳ ಕಾಲಿದೆ. ಭರ್ರನೆ ಹೋಗಿ ಗಕ್ಕನೆ ನಿಲ್ಲಿಸೋ ಕಾಲು ಅಮ್ಮನ ಸೊಂಟನೂ ತಿನ್ನುತ್ತೆ, ಪೆಟ್ರೋಲನ್ನೂ ಕುಡಿಯುತ್ತೆ."

"ಹಾಗಾದ್ರೆ ಹೇಗೆ ಓಡಿಸ್ಲಿ?" ಸೊಸೆ ರೇಗಿದಳು.

"ಅಮ್ಮನ ಬಾಯಿಗೆ ಕಿವಿ ಕೊಡು. ಅಯ್ಯೋ ಅಂದ್ರೆ ಪೆಟ್ರೋಲ್ ಹೋಯ್ತು ಅಂತ ತಿಳ್ಕೋ."

ಆ ಬುಧವಾರ ಮೊದಲು ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದರು. ಟ್ರಿಪ್ ಸೊನ್ನೆ ಮಾಡಿದರು. ಟಯರು ಮೂವತ್ತೆರಡು. ಮುಂದಿನ ಸೀಟಿನ ಗುಂಡಿಗೆ ಗಟ್ಟಿ ಕಂಬಳಿ ಮಡಿಸಿ ಹಾಕಿದರು. ಅದು ಯಂತ್ರಕ್ಕೆ ಸುತ್ತಿದ್ದ ಕಂಬಳಿಯೇ. ಯಂತ್ರವನ್ನು ಮಗನೂ ಡ್ರೈವಿಂಗ್ ಸ್ಕೂಲಿನ ಇಬ್ಬರು ಹುಡುಗರೂ ಸೇರಿ ಇಳಿಸಿ ಮೆಟ್ಟಿಲ ಕೆಳಗೆ ಇಟ್ಟರು. ಅತ್ತೆ ಬಂದು ಕೂತು ಬಾಗಿಲು ಹಾಕಿಕೊಂಡಮೇಲೆ ಸೊಸೆ ಕೀಲಿ ತಿರುಗಿಸಿದಳು.

ಮೊದಲ ತಿರುವಿನಲ್ಲೇ ಅತ್ತೆ ಅಯ್ಯೋ ಅಂದರು. ಸೊಸೆ ಹಲ್ಲು ಕಚ್ಚಿ ಕಾಲು ಸಡಿಲಿಸಿದಳು. ದೂರದ ಕೆಂಪು ದೀಪ ಕಂಡಾಗಲೇ ವೇಗ ಇಳಿಸಿದಳು. ಹಿಂದಿನವನು ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ ಎಂದಳು. ಆಸ್ಪತ್ರೆಯ ಗೇಟಿನಲ್ಲಿ ಇಳಿದು ಅಕ್ಕ ಹೇಳಿಕೊಟ್ಟಂತೆ ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದಳು. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದು ಅರ್ಥ. ನಾಲ್ಕೂ ಒಂದೇ ಸಮ ಇದ್ದವು. ಶುಕ್ರವಾರ ಹೋಗಿ ಬರುವಾಗ ಅತ್ತೆ ಅರ್ಧ ದಾರಿ ನಿದ್ದೆ ಮಾಡಿದರು.

ಶನಿವಾರ ಮಗನೇ ಬಂಕಿಗೆ ಹೋದ. ನಂಬಿಕೆ ಇಲ್ಲದವನು ತಾನೇ ನೋಡಬೇಕಲ್ಲ. ಅದೇ ಪಂಪಿನಲ್ಲಿ ತುಂಬಿಸಿದ, ಮೊಬೈಲಿನಲ್ಲಿ ಭಾಗಿಸಿದ. ಇನ್ನೊಮ್ಮೆ ಭಾಗಿಸಿದ. ಮನೆಗೆ ಬಂದು ಮೂತಿ ಇಳಿಬಿಟ್ಟು ಕೂತ.

"ಎಷ್ಟು ಬಂತು?" ಸೊಸೆ ಕೇಳಿದಳು.

"ಹದಿಮೂರು ಚಿಲ್ಲರೆ."

"ಆ ಮೂತಿ ಯಾಕೆ ಮತ್ತೆ?"

"ಗುಜರಿಯವನಿಗೆ ಏನು ಹೇಳೋದು ಅಂತ."

ಭಾನುವಾರ ಗುಜರಿಯವನು ಬಂದ. ಕಾರಿನ ಸುತ್ತ ಒಂದು ಸುತ್ತು ಬಂದು ಚೌಕಾಸಿಗೆ ಗಂಟಲು ಸರಿಮಾಡಿಕೊಂಡ. ಮಗ ತೊದಲುತ್ತಿದ್ದ. ಅಷ್ಟರಲ್ಲಿ ಮಾವ ಕೆಳಗೆ ಬಂದರು.

"ಅದಲ್ಲಪ್ಪ, ಇದು," ಅಂದು ಮೆಟ್ಟಿಲ ಕೆಳಗಿದ್ದ ಯಂತ್ರ ತೋರಿಸಿದರು.

ಅದನ್ನು ತಳ್ಳುಗಾಡಿಗೆ ಏರಿಸುವಾಗ ಮಾವ ಒಮ್ಮೆ ಗಾಜು ಉಜ್ಜುವ ಅದರ ಚಕ್ರ ತಿರುಗಿಸಿ ನೋಡಿದರು, ಅಷ್ಟೆ. ಮೇಲೆ ಕಿಟಕಿಯಲ್ಲಿ ಅತ್ತೆ ನಿಂತಿದ್ದರು. ಕಿಟಕಿ ಹಿಡಿದುಕೊಂಡಿರಲಿಲ್ಲ.

ಓದುಗರೇ, ನಿಮ್ಮ ಮನೆಯ ಹಳೆಯ ಕಾರೂ ಹೀಗೆ ಕುಡಿಯುತ್ತಿರಬಹುದು. ಬಂಕಿನವರನ್ನೋ ಮನೆಯವರನ್ನೋ ಬೈಯುವ ಮೊದಲು, ಬಾಟಲಿ ಔಷಧಿ ಕೊಳ್ಳುವ ಮೊದಲು, ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಟಯರಿನ ಗಾಳಿ ಅಳೆಯಿರಿ. ಎಷ್ಟಿರಬೇಕೆಂದು ನಿಮ್ಮ ಕಾರಿನ ಬಾಗಿಲ ಅಂಚಿನಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಬರೆದಿರುತ್ತದೆ. ಅದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಡಿಕ್ಕಿ ತೆಗೆದು, ಬೇಡದ ಭಾರ ಇಳಿಸಿ. ಏರ್ ಫಿಲ್ಟರ್ ನೋಡಿಸಿ. ನಿಂತಲ್ಲೇ ಎಂಜಿನ್ ಓಡಿಸಬೇಡಿ. ಟ್ಯಾಂಕು ಎರಡು ಸಲ ತುಂಬಿಸಿ ಲೆಕ್ಕ ಹಾಕಿ. ಇಷ್ಟಾದರೂ ಸರಿಹೋಗದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ, ಆ ಲೆಕ್ಕವನ್ನೇ ಅವನಿಗೆ ಹೇಳಿ.

ಪಕ್ಕದಲ್ಲಿ ಕೂತವರಿಗೆ ನೋವಾಗುತ್ತಿದೆ ಎಂದು ನಿಮಗೆ ಅನ್ನಿಸಿದರೆ, ಟಯರಿನ ಗಾಳಿ ಇಳಿಸಬೇಡಿ. ಎಲ್ಲಿ ನೋವು ಎಂದು ಅವರನ್ನೇ ಕೇಳಿ. ಕೇಳಲು ಅವರು ಇನ್ನೂ ನಿಮ್ಮ ಪಕ್ಕದಲ್ಲೇ ಇದ್ದಾರಲ್ಲ.