ಸಿನಿಮಾದಲ್ಲಿಲ್ಲದ ದೃಶ್ಯ

ಮದುವೆ ವಿಡಿಯೋ ತೆಗೆಯುವವನು ಮನೆಮಂದಿಯನ್ನೇ ಕಟ್ಟಿಕೊಂಡು ಒಂದು ದೆವ್ವದ ಹಾಸ್ಯ ಸಿನಿಮಾ ಮಾಡಿದ. ವಿಮರ್ಶಕರು ಸೇರಿ ಅವನ ಗ್ರಹಚಾರ ಬಿಡಿಸಿಬಿಟ್ಟರು. ದೆವ್ವದ ಕಾಲಲ್ಲಿ ರಬ್ಬರ್ ಚಪ್ಪಲಿ ಕಾಣುತ್ತದೆ ಅಂದ ಒಬ್ಬ. ಹೆದರಿಸಬೇಕಾದಲ್ಲಿ ನಗು ಬರುತ್ತದೆ, ನಗಿಸಬೇಕಾದಲ್ಲಿ ಆಕಳಿಕೆ ಬರುತ್ತದೆ ಅಂದ ಇನ್ನೊಬ್ಬ. ಪಾಪ, ಎರಡೂ ನಿಜವೇ.

ಹೊಗಳಿದವರು ಒಬ್ಬರೇ, ವಾರಪತ್ರಿಕೆಯ ಹಿರಿಯ ವಿಮರ್ಶಕರು. ಕಡ್ಡಿ ಮುರಿದಂತೆ ಬರೆಯುತ್ತಾರೆಂದು ಜನ ಅವರನ್ನು ಕಡ್ಡಿಯಪ್ಪ ಎನ್ನುತ್ತಿದ್ದರು. ಅಂಥವರು ಈ ಸಲ ಬೆಣ್ಣೆಯಂತೆ ಕರಗಿದ್ದರು. ಇಂಟರ್‌ವಲ್ ಆದಮೇಲೆ ದೆವ್ವ ಮೆಲ್ಲಗೆ ಅಡುಗೆಮನೆಗೆ ಬರುತ್ತದೆ, ಗಂಡ ಮರೆತ ಒಲೆ ಆರಿಸಿ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ನಿದ್ದೆಹೋದ ಅವನ ಮೂಗಿನಿಂದ ಕನ್ನಡಕ ತೆಗೆದು, “ಎಷ್ಟು ಸಲ ಹೇಳೋದು ನಿಮಗೆ!” ಎಂದು ಗದರುತ್ತದೆ. ಆ ಒಂದು ದೃಶ್ಯಕ್ಕಾಗಿ ಈ ಸಿನಿಮಾ ನೋಡಿ ಎಂದು ಬರೆದಿದ್ದರು. ಕಡ್ಡಿಯಪ್ಪನವರ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಆ ದೃಶ್ಯವನ್ನು ಇನ್ನೊಂದು ಸಲ ನೋಡಬೇಕೆಂದು ಭಾನುವಾರದ ಟಿಕೆಟ್ ತಂದು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ವಾರವಿಡೀ ಅವರಿಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಶನಿವಾರ ಬೆಳಿಗ್ಗೆ ನಿರ್ದೇಶಕ ಕಚೇರಿಗೇ ಬಂದ. ಮುಖ ಬಾಡಿತ್ತು.

“ಸರ್, ನಿಮ್ಮ ಬರಹ ಓದಿ ಜನ ಬಂದ್ರು. ಈಗ ಆ ಸೀನ್ ಎಲ್ಲಿ ಅಂತ ಜಗಳಕ್ಕೆ ನಿಂತಿದ್ದಾರೆ. ನಾನು ಕತ್ತರಿಸಿದೀನಿ ಅಂತ ಥಿಯೇಟರ್‌ನೋರು ಉಗೀತಿದ್ದಾರೆ. ಅಂಥ ಸೀನೇ ನಾನು ಶೂಟ್ ಮಾಡಿಲ್ಲ ಸರ್!”

“ಏನಯ್ಯಾ, ನನ್ನ ಕಣ್ಣಾರೆ ನೋಡಿದೀನಿ.”

ಅವನು ಲ್ಯಾಪ್‌ಟಾಪ್ ತೆರೆದು, ಇಂಟರ್‌ವಲ್‌ನಿಂದ ಮುಂದಕ್ಕೆ ಹಾಕಿದ. ದೆವ್ವ ಮಂಚದಡಿ ಸಿಕ್ಕಿಕೊಂಡಿತು. ಪೊಲೀಸಿನವನು ಬೀರುವಿನೊಳಗೆ ಅಡಗಿದ. ಕಡ್ಡಿಯಪ್ಪನವರಿಗೆ ಒಂದೂ ನೋಡಿದ ನೆನಪಿಲ್ಲ. ಮೂವತ್ತು ವರ್ಷ ಥಿಯೇಟರಿನಲ್ಲಿ ರೆಪ್ಪೆ ಮುಚ್ಚದ ಮನುಷ್ಯ, ಅಂದು ಆ ತಣ್ಣನೆಯ ಕತ್ತಲಲ್ಲಿ, ಮೆತ್ತನೆಯ ಕುರ್ಚಿಯಲ್ಲಿ ಜಗತ್ತನ್ನೇ ಮರೆತು ಮಲಗಿಬಿಟ್ಟಿದ್ದರು. ನಿದ್ದೆ ಎಲ್ಲಿ ಶುರುವಾಯಿತು, ಸಿನಿಮಾ ಎಲ್ಲಿ ನಿಂತಿತು ಅಂತ ಅವರಿಗೇ ತಿಳಿದಿರಲಿಲ್ಲ. ಪರದೆಯ ಮೇಲೆ ಬಂದವಳು ಯಾರೆಂದು ಈಗ ತಿಳಿಯಿತು.

“ನಾನು ನಿದ್ದೆ ಹೋಗಿದ್ದೆ ಕಣಪ್ಪಾ,” ಎಂದರು. “ನಿನ್ನ ಸಿನಿಮಾ ಅಲ್ಲ ಅದು. ನನ್ನ ಮನೆಯವಳು.”

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಮೆಲ್ಲಗೆ ಹೇಳಿದ. “ಯಾರಿಗೂ ಹೇಳ್ಬೇಡಿ ಸರ್. ಇವತ್ತೇ ಆ ಸೀನ್ ಶೂಟ್ ಮಾಡ್ತೀನಿ. ದೆವ್ವ ಮಾಡಿರೋದು ನಮ್ಮಕ್ಕ, ಹೇಗೆ ನಡೀಬೇಕು ಅಂತ ನೀವು ಹೇಳ್ಕೊಡಿ ಸಾಕು. ನಾಳೆ ಆಟಕ್ಕೆ ಸೇರಿಸ್ತೀನಿ. ನಿಮ್ಮ ಮಾನಾನೂ ಉಳಿಯುತ್ತೆ, ನನ್ನ ಸಿನಿಮಾನೂ ಉಳಿಯುತ್ತೆ. ನೀವೂ ಬಂದು ನೋಡ್ಬಹುದು.”

ಅಯ್ಯೋ, ಆಸೆಯಾಗದೆ ಇರುತ್ತದೆಯೇ? ತಟ್ಟೆ ಮುಚ್ಚುವಾಗ ಅವಳು ತಲೆ ವಾಲಿಸುತ್ತಿದ್ದ ರೀತಿಯನ್ನು ಹೇಳಿಕೊಡಲು ಬಾಯಿ ತೆರೆದೇಬಿಟ್ಟರು. ಹೇಳಲಿಲ್ಲ. ಕಾಗದ ಎಳೆದುಕೊಂಡು ಬರೆದರು: “ಕಳೆದ ವಾರ ನಾನು ಹೊಗಳಿದ ದೃಶ್ಯ ಆ ಸಿನಿಮಾದಲ್ಲಿಲ್ಲ. ಅರ್ಧ ಸಿನಿಮಾ ನಾನು ನಿದ್ದೆಯಲ್ಲಿದ್ದೆ. ನಿರ್ದೇಶಕನನ್ನು ಯಾರೂ ಬೈಯಬಾರದು, ತಪ್ಪು ನನ್ನದು.”

ನಿರ್ದೇಶಕ ಓದಿ ಗಾಬರಿಯಾದ. “ಸರ್, ಅರ್ಧ ದಿನದ ಕೆಲಸ. ಅಕ್ಕ ಚೆನ್ನಾಗಿ ಮಾಡ್ತಾಳೆ.”

“ಮಾಡ್ತಾಳಪ್ಪಾ, ಚೆನ್ನಾಗೇ ಮಾಡ್ತಾಳೆ. ಆಮೇಲೆ ಕಣ್ಣು ಮುಚ್ಚಿದ್ರೆ ನನಗೆ ನಿಮ್ಮಕ್ಕನೇ ಕಾಣಿಸ್ತಾಳೆ,” ಎಂದು ಕಡ್ಡಿಯಪ್ಪನವರು ಕಾಗದದ ಕೆಳಗೆ ಸಹಿ ಹಾಕಿದರು.