ಪ್ರಾಂಪ್ಟರಮ್ಮನ ಕಿಂಡಿ

"ಹೊಲಿಗೆ," ಎಂದು ಪಿಸುಗುಟ್ಟಿದಳು ಸ್ಟ್ರೆಚರಿನ ಮೇಲೆ ಮಲಗಿದ್ದ ಪ್ರಾಂಪ್ಟರಮ್ಮ.

ಪಕ್ಕದಲ್ಲಿ ನಡೆಯುತ್ತಿದ್ದ ಡಾಕ್ಟರು ಅವಳ ತಂಗಿಗೆ, "ಒಳಗಡೆ ನಾವು ಹಾಕಿರೋ..." ಎಂದು ಅರೆಕ್ಷಣ ತಡವರಿಸಿದ್ದೇ ತಪ್ಪಾಯಿತು. ಯಾರ ಮಾತು ನಿಂತರೂ ಮುಂದಿನ ಪದ ಎತ್ತಿಕೊಡುವುದು ನಾಟಕಮಂದಿರದಲ್ಲಿ ಅವಳ ಕಸುಬು. ಅರಿವಳಿಕೆಯ ಮತ್ತು ಇಳಿಯುವ ಮೊದಲೇ ಬಾಯಿ ಕೆಲಸಕ್ಕೆ ಹಾಜರಾಗಿತ್ತು. ಟ್ಯೂಬು ಇಳಿಸಿದ ಗಂಟಲು ಗೊರಗೊರ ಎನ್ನುತ್ತಿತ್ತು. ಪಿಸುಮಾತಿಗೆ ಅಷ್ಟು ಸಾಕು. ಚಾವಣಿಯ ದೀಪಗಳು ಒಂದರ ಹಿಂದೊಂದು ಓಡಿಬಂದು ತಲೆಬಾಗಿ ಹೋಗುತ್ತಿದ್ದವು. ಅವಳಿಗೆ ನಗು ತಡೆಯಲಾಗಲಿಲ್ಲ.

ತಂಗಿ ಅದೇ ನಾಟಕಮಂದಿರದ ದರ್ಜಿ. ವಾರ್ಡಿಗೆ ಬಂದದ್ದೇ ಹೊದಿಕೆ ಸರಿಸಿ ಅಕ್ಕನ ಹೊಟ್ಟೆ ತಡಕಿದಳು.

"ಒಂದು ಗೀರೂ ಇಲ್ಲ! ಡಾಕ್ಟ್ರೇ, ನಿಜವಾಗ್ಲೂ ಏನಾದ್ರೂ ಮಾಡಿದ್ರಾ?"

"ಬಾಯಿಂದ ಕ್ಯಾಮೆರಾ ಇಳಿಸಿ, ಅದರ ತುದೀಲಿರೋ ಸೂಜಿಯಿಂದ ಒಳಗೇ ಹೊಲಿದ್ವಿ. ಚೀಲದಂಗಿದ್ದ ಹೊಟ್ಟೆ ಈಗ ಬಾಳೆಹಣ್ಣಿನಷ್ಟು ಸಪೂರ. ಕೆಲವು ವಾರ ಬರೀ ನೀರುನೀರಾದದ್ದೇ ಊಟ."

"ಓ, ನಮ್ಮ ಥರ ಮಡಿಸಿ ಹೊಲಿದು ಟಕ್ಸ್ ಹಿಡಿದಿದ್ದೀರಿ! ಅಲ್ಲ ಕಣೇ ಅಕ್ಕ, ನಿನ್ನ ಬಟ್ಟೆಯ ಹೊಲಿಗೆ ಬಿಚ್ಚಿ ಬಿಚ್ಚಿ ಅಗಲ ಮಾಡಿ ನನ್ನ ಬೆರಳು ಸವೀತು. ಮೊದಲೇ ಒಳಗಿನದನ್ನ ಹಿಡಿಸಬಾರದಿತ್ತಾ?"

ಇದಕ್ಕೆಲ್ಲ ಕಾರಣ ಒಂದು ಕಿಂಡಿ. ರಂಗದ ಅಂಚಿನಲ್ಲಿ, ಪ್ರೇಕ್ಷಕರಿಗೆ ಕಾಣದಂತೆ, ಪ್ರಾಂಪ್ಟರ್ ಇಳಿದು ಕೂರುವ ಗೂಡಿನ ಬಾಯಿ ಅದು. ಹೋದ ನಾಟಕದಲ್ಲಿ ಅವಳು ಅದರಲ್ಲಿ ಸೊಂಟದ ಮಟ್ಟಕ್ಕೆ ಸಿಕ್ಕಿಕೊಂಡಳು. ಅಷ್ಟರಲ್ಲಿ ಕೊನೆಯ ಅಂಕದ ಪರದೆ ಎದ್ದೇಬಿಟ್ಟಿತು. ಮಾತು ಮರೆತ ರಾಜ ಸಿಂಹಾಸನ ಬಿಟ್ಟು ಬಂದು, ಸತ್ತು ಬಿದ್ದಿದ್ದ ಮಂತ್ರಿಯನ್ನೂ ಎಬ್ಬಿಸಿಕೊಂಡು, ಅವಳ ಎರಡೂ ಕೈ ಹಿಡಿದು ಎಳೆದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮಾತ್ರ ಎಲ್ಲರೆದುರು, "ಕಿಂಡಿ ಹಾಳಾಗ್ಲಿ, ನಿನಗೆ ಬಾಗಿಲೂ ಸಾಲಲ್ಲ" ಎಂದಿದ್ದ. ಆ ಗೂಡು, ಆ ಕತ್ತಲೆ, ತಲೆಯ ಮೇಲೆ ನಡೆದಾಡುವ ರಾಜರಾಣಿಯರ ಪಾದ — ಇವಿಲ್ಲದ ಬದುಕು ಅವಳಿಗೆ ಬೇಕಿರಲಿಲ್ಲ. ಅದಕ್ಕೇ ಸೂಜಿ ನುಂಗಿದ್ದು.

ಈಗ ಆ ಮ್ಯಾನೇಜರೇ ಹೂಗುಚ್ಛ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ.

"ಹೇಗಿದ್ದೀಯಮ್ಮ? ಅವತ್ತು ಏನೋ ಅಂದ್ಬಿಟ್ಟೆ. ಹೊಟ್ಟೆಗೆ ಹಾಕ್ಕೊಂಡ್ಬಿಡು."

"ಜಾಗ ಇಲ್ಲ ಸಾರ್. ಈಗ ತಾನೇ ಹೊಲಿಸಿದ್ದೀನಿ."

ತಂಗಿ ಗೋಡೆಗೆ ಒರಗಿ ಬಿದ್ದೂ ಬಿದ್ದೂ ನಕ್ಕಳು. ಡಾಕ್ಟರು ಸುಮ್ಮಸುಮ್ಮನೆ ಕೆಮ್ಮಿದರು. ಒಳಗೆ ಚುರ್ರೆಂದರೂ ಪ್ರಾಂಪ್ಟರಮ್ಮನ ನಗು ನಿಲ್ಲಲಿಲ್ಲ, ಮಂಚವೇ ಕಿರುಗುಟ್ಟಿತು.

ಮ್ಯಾನೇಜರ್ ಪೆಚ್ಚಾಗಿ ನಕ್ಕು ಕುರ್ಚಿ ಎಳೆದುಕೊಂಡ. "ನೋಡು, ಇನ್ನು ನೀನು ಕಷ್ಟಪಡೋದು ಬೇಡ. ಟಿಕೆಟ್ ಕೌಂಟರು ನಿನಗೇ. ಫ್ಯಾನು, ಮೆತ್ತನೆ ಕುರ್ಚಿ, ಕೂತಲ್ಲಿಗೇ ಕಾಫಿ. ಆ ಇಲಿಬಿಲದಂಥ ಗೂಡಿಗೆ ಬೇರೆ ಹುಡುಗೀನ ನೋಡಿದ್ದೀನಿ, ಕಡ್ಡಿ ಹಾಗಿದ್ದಾಳೆ."

"ಕೌಂಟರಿಗೆ ಬರಲ್ಲ."

"ಕಾಫಿ ಈಗ ಕುಡಿಯೋ ಹಾಗಿಲ್ಲ ಅಂತ ತಾನೇ? ಎಳನೀರು ತರಿಸ್ತೀನಿ. ನಿಧಾನವಾಗಿ ಯೋಚನೆ ಮಾಡಿ ಹೇಳು."

"ಬರಲ್ಲ ಅಂದ್ರೆ ಬರಲ್ಲ ಸಾರ್. ಆ ಕಿಂಡೀಲಿ ಇಳಿಯೋಕೆ ಅಂತಾನೇ ಹೊಲಿಸಿಕೊಂಡಿದ್ದು."