ಕೆಂಪು ಹಚ್ಚದ ಹಿಡಿ

ನಾನು ಒಂದು ಚಾಕುವಿನ ಹಿಡಿ. ಚಾಕು ಎಂದರೆ ಜನರ ಕಣ್ಣಿಗೆ ಬೀಳುವುದು ಅಲಗು ಮಾತ್ರ. ಹರಿತ ಎಷ್ಟಿದೆ ಎಂದು ಹೆಬ್ಬೆರಳಲ್ಲಿ ಸವರಿ ನೋಡುತ್ತಾರೆ, ತಲೆದೂಗುತ್ತಾರೆ. ಹಿಡಿಯನ್ನು ಯಾರೂ ಕ್ಯಾರೇ ಅನ್ನುವುದಿಲ್ಲ. ಅನ್ನದಿದ್ದರೆ ಬೇಡ. ಅಲಗು ದಿನವಿಡೀ ಎದುರಿನ ಉಳ್ಳಾಗಡ್ಡಿಯನ್ನೇ ನೋಡಿಕೊಂಡಿರುತ್ತದೆ, ಕೈಯ ಸಮಾಚಾರ ಅದಕ್ಕೇನು ಗೊತ್ತು? ಅದನ್ನು ನಾನೇ ಹೇಳಬೇಕು.

ಬಯಲುಸೀಮೆಯ ಒಂದು ಊರಿನ ಹೊರಗೆ ಕುಷ್ಠರೋಗಿಗಳಿಗೆಂದು ಕಟ್ಟಿದ ಹಳೆಯ ಆಸ್ಪತ್ರೆಯಿದೆ. ಅದರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಹುಟ್ಟಿಸಿದವನು ಕಾಳಪ್ಪ ಬಡಿಗೇರ. ರೋಗ ವಾಸಿಯಾದರೂ ಕೆಲವರ ಕೈಗೆ ಸ್ಪರ್ಶ ಮರಳುವುದಿಲ್ಲ. ಸುಟ್ಟರೆ ಗೊತ್ತಾಗುವುದಿಲ್ಲ, ಕೊಯ್ದರೂ ಗೊತ್ತಾಗುವುದಿಲ್ಲ. ಅಂಥವರ ಸೌಟು, ಕುಡುಗೋಲು, ಚಾಕುಗಳಿಗೆ ದಪ್ಪ ಮರದ ಹಿಡಿ ಮಾಡಿಕೊಡುವುದು ಕಾಳಪ್ಪನ ಕೆಲಸ. ನನ್ನನ್ನು ಅವನು ಹಾಲೆಮರದ ತುಂಡಿನಿಂದ ಕಡೆದ. ಮೈಯೆಲ್ಲ ಬಿಳಿ, ಎಲ್ಲಿಯೂ ಒಂದು ಸಿಬಿರಿಲ್ಲ.

ನನ್ನನ್ನು ಮಾಡಿದ್ದು ಕಾಶವ್ವನಿಗಾಗಿ. ಮೂವತ್ತೈದರ ಹೆಂಗಸು. ಗಂಡನ ಮನೆಯವರು ಔಷಧಿ ಮುಗಿಯುವವರೆಗೂ ಕಾಯಲಿಲ್ಲ, ಅಷ್ಟರೊಳಗೇ ಅವಳ ಟ್ರಂಕನ್ನು ಆಸ್ಪತ್ರೆಗೆ ಕಳಿಸಿದ್ದರು. ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು, ಅಂಗೈಯ ಆ ಅಂಚು, ಇಷ್ಟು ಭಾಗ ಅವಳಿಗೆ ಇದ್ದೂ ಇಲ್ಲದ ಹಾಗೆ. ಎರಡೂ ಬೆರಳು ಒಳಕ್ಕೆ ಬಾಗಿದ್ದವು. ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ತಂಗಿ ನೀಲವ್ವ ಅವಳನ್ನು ಕರೆದುಕೊಂಡು ಹೋಗಲು ಒಪ್ಪಿದ್ದಳು. ಖಾನಾವಳಿಯಲ್ಲಿ ಕಾಯಿಪಲ್ಲೆ ಹೆಚ್ಚುವ ಕೆಲಸ ತನ್ನದು ಎಂದು ಕಾಶವ್ವ ತಾನೇ ಗೊತ್ತು ಮಾಡಿಕೊಂಡಿದ್ದಳು. ಈಳಿಗೆ ಮುಟ್ಟಬೇಡ, ಮಣೆ ಮೇಲಿಟ್ಟು ಚಾಕುವಿನಲ್ಲಿ ಹೆಚ್ಚು, ದಿನಾ ಸಂಜೆ ಕೈ ನೋಡಿಕೋ ಎಂದು ಡಾಕ್ಟರರು ಹೇಳಿದ್ದರು. ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, "ಹತ್ತೂ ಉಳಿದಾವ. ಇನ್ನ ಕಾಯೋದು ನಿನ್ನ ಕೆಲಸ," ಎಂದಿದ್ದರು.

ನನ್ನ ಮೈಗೆ ಏನು ಲೇಪಿಸುವುದು ಎಂಬ ಪ್ರಶ್ನೆ ಬಂತು. ಬರೀ ಮರ ನೀರು ಕುಡಿದು ಬಿರಿಯುತ್ತದೆ. ಕಾಳಪ್ಪ ಅದೇ ಮರದ ನಾಲ್ಕು ತುಂಡುಗಳನ್ನು ಕಾಶವ್ವನ ಮುಂದೆ ಸಾಲಾಗಿ ಇಟ್ಟ. ಒಂದಕ್ಕೆ ಕೆಂಪು ಅರಗು, ಇನ್ನೊಂದಕ್ಕೆ ಕಂದು ವಾರ್ನಿಷ್, ಮೂರನೆಯದಕ್ಕೆ ಅಗಸೆ ಎಣ್ಣೆ. ನಾಲ್ಕನೆಯದಕ್ಕೆ ಏನೂ ಇಲ್ಲ.

"ಅರಗಿಂದು ತಗೋ ತಂಗಿ. ಮದಲಗಿತ್ತಿಗೆ ಕೊಡೂ ಹಂಗೈತಿ," ಎಂದ. ಅರಗು ಹಚ್ಚುವುದರಲ್ಲಿ ಅವನ ಕೈ ಪಳಗಿತ್ತು, ಹೊಗಳಿಕೆಯ ಆಸೆಯೂ ಸ್ವಲ್ಪ ಇತ್ತು.

ಕಾಶವ್ವ ಎಡಗೈ ಬೆರಳನ್ನು ನೀರಲ್ಲಿ ಅದ್ದಿ ತನ್ನ ಹಣೆಯ ಕುಂಕುಮ ತೆಗೆದು ನಾಲ್ಕು ತುಂಡಿಗೂ ಒಂದೊಂದು ಬೊಟ್ಟು ಇಟ್ಟಳು. ಅರಗಿನ ಮೇಲೆ ಬೊಟ್ಟು ಕಾಣಲೇ ಇಲ್ಲ. ವಾರ್ನಿಷ್ ಮೇಲೆ ಕಂಡೂ ಕಾಣದ ಹಾಗೆ ಇತ್ತು. ಬರೀ ಮರದ ಮೇಲೆ ಚೆನ್ನಾಗಿ ಕಂಡಿತು, ಆದರೆ ಒಳಗಿಳಿದು ಕೂತುಬಿಟ್ಟಿತು, ತಿಕ್ಕಿದರೂ ಹೋಗಲಿಲ್ಲ. ಅಗಸೆ ಎಣ್ಣೆಯ ಮೇಲೆ ಎದ್ದು ಕಂಡಿತು, ಒರೆಸಿದರೆ ಹೋಯಿತು.

"ಇದನ್ನ ಹಚ್ಚರಿ ಅಣ್ಣಾರ. ನನಗ ಚಂದ ಬ್ಯಾಡ, ನೆತ್ತರ ಕಾಣಬೇಕು. ಕೈಗೆ ಗಾಯ ಆದ್ರ ನನಗ ತಿಳಿಯೂದಿಲ್ಲ. ಇದರ ಮ್ಯಾಲ ನೋಡೇ ತಿಳಕೋಬೇಕು," ಎಂದಳು.

ಕಾಳಪ್ಪ ಅರಗಿನ ತುಂಡನ್ನು ಮೆಲ್ಲಗೆ ಬದಿಗೆ ಸರಿಸಿದ. ಎಂಟು ದಿನ ನನಗೆ ತೆಳುವಾಗಿ ಅಗಸೆ ಎಣ್ಣೆ ಸವರಿ, ಒರೆಸಿ, ಬಿಸಿಲಿಗಿಟ್ಟ. ಎಣ್ಣೆ ಮೈಯೊಳಗೆ ಇಳಿದು ಗಟ್ಟಿಯಾಯಿತು. ನಾನು ಸ್ವಲ್ಪ ಹಳದಿಗೆ ತಿರುಗಿದೆ, ಆದರೂ ಕೈ ತಾಗಿದರೆ ತಿಳಿಯುತ್ತಿತ್ತು, ಬೆವರು ತಿಳಿಯುತ್ತಿತ್ತು. ಅವಳ ಕೈಗಿಲ್ಲದ್ದು ನನಗಿತ್ತು. ಆ ದಿನಗಳಲ್ಲಿ ನನಗೆ ಸಂತೋಷವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಖಾನಾವಳಿಯಲ್ಲಿ ಎರಡು ವರ್ಷ ಸಸೂತ್ರವಾಗಿ ನಡೆಯಿತು. ಬೆಳಿಗ್ಗೆ ಬದನೆಕಾಯಿ, ಮೆಂತ್ಯೆಸೊಪ್ಪು, ಮಧ್ಯಾಹ್ನ ಮತ್ತೆ ಉಳ್ಳಾಗಡ್ಡಿ. ಸಂಜೆ ಕಾಶವ್ವ ನನ್ನನ್ನು ತೊಳೆದು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಎರಡು ಸಲ ಸಣ್ಣ ಕೆಂಪು ಕಲೆ ಕಂಡಿತ್ತು. ಎರಡು ಸಲವೂ ಕೈ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಕಟ್ಟಿದ್ದಳು. ಬರುಬರುತ್ತಾ ಅವಳು ಕೈ ನೋಡುವುದನ್ನೇ ಬಿಟ್ಟಳು. ಬಾಗಿದ ಆ ಬೆರಳುಗಳನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ. ನಾನು ಸ್ವಚ್ಛವಿದ್ದರೆ ಕೈಯೂ ಸ್ವಚ್ಛ ಎಂದುಕೊಂಡು ಮೊಳೆಗೆ ತೂಗುಹಾಕುತ್ತಿದ್ದಳು.

ಇದ್ಯಾವುದೂ ನೀಲವ್ವನಿಗೆ ಗೊತ್ತಿರಲಿಲ್ಲ. ವಾಸಿಯಾಯಿತು ಎಂದರೆ ಎಲ್ಲ ಮರಳಿ ಬಂತು ಎಂದೇ ಅವಳು ತಿಳಿದಿದ್ದಳು. ಕಾಶವ್ವ ತಿದ್ದಲಿಲ್ಲ. ನಿಜ ಹೇಳಿದರೆ ತಂಗಿ ತನ್ನನ್ನು ಒಲೆಯ ಹತ್ತಿರ, ಚಾಕುವಿನ ಹತ್ತಿರ ಬಿಡುವುದಿಲ್ಲ, ಮೂಲೆಯಲ್ಲಿ ಕೂರಿಸಿ ಉಣ್ಣಲು ಹಾಕುತ್ತಾಳೆ ಎಂಬ ಹೆದರಿಕೆ. ಕೂತು ಉಣ್ಣುವುದು ಬೇಡವಾಗಿತ್ತು ಅವಳಿಗೆ.

ಮಹಾನವಮಿ ಬಂತು. ಖಂಡೇಪೂಜೆಗೆ ಮನೆಯ ಸಲಕರಣೆಗಳನ್ನೆಲ್ಲ ತೊಳೆದು ಸಾಲಾಗಿ ಇಡುತ್ತಾರೆ. ಹಿಂದಿನ ದಿನ ಕಾಶವ್ವ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದಳು. ನೀಲವ್ವ ಖಾನಾವಳಿಯ ಬಾಗಿಲಿಗೆ ಕೆಂಪು ಬಣ್ಣ ಬಳಿಯುತ್ತಿದ್ದಳು. ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮೊಳೆಯ ಮೇಲೆ ನಾನು, ಅರಿಶಿನದ ಕಲೆಗಳೊಂದಿಗೆ ಮಂಕಾಗಿ ತೂಗುತ್ತಿದ್ದೆ. ಪಾಪ, ಅಕ್ಕನ ಚಾಕುವೂ ಹಬ್ಬಕ್ಕೆ ಹೊಸದಾಗಲಿ ಎಂದುಕೊಂಡಳು. ಎರಡು ಕೈ ಬಣ್ಣ, ಪ್ರೀತಿಯಿಂದ, ದಪ್ಪಗೆ ಬಳಿದಳು. ಇಳಿದ ಬಣ್ಣ ನನ್ನ ಬುಡದಲ್ಲಿ ಚೂಪು ಅಂಚಿನ ಏಣಾಗಿ ಗಟ್ಟಿಯಾಯಿತು.

ಆಮೇಲೆ ನನಗೆ ಏನೂ ತಿಳಿಯಲಿಲ್ಲ. ನೀರು ಹೊರಗೇ ಉಳಿಯಿತು. ಬೆವರು ಹೊರಗೇ ಉಳಿಯಿತು. ಕೈ ಹಿಡಿದಿದೆಯೋ ಬಿಟ್ಟಿದೆಯೋ ಅಲಗು ಆಡುವುದರಿಂದಲೇ ಊಹಿಸಬೇಕಿತ್ತು.

ಕಾಶವ್ವ ಬಂದು ನೋಡಿದಳು. ತಂಗಿ ಮುಖ ಅರಳಿಸಿಕೊಂಡು ನಿಂತಿದ್ದಳು. "ಹೆಂಗೈತಿ ಅಕ್ಕಾ?"

"ಚಂದ ಐತಿ," ಎಂದಳು ಕಾಶವ್ವ.

ಹಬ್ಬದ ದಿನಗಳು, ಖಾನಾವಳಿಯಲ್ಲಿ ಕಾಲಿಡಲು ಜಾಗವಿಲ್ಲ. ಹೆಚ್ಚಿದ್ದೇ ಹೆಚ್ಚಿದ್ದು. ಸಂಜೆ ರೂಢಿಯಂತೆ ನನ್ನನ್ನು ಬೆಳಕಿಗೆ ಹಿಡಿಯುತ್ತಿದ್ದಳು, ಏನೂ ಕಾಣುತ್ತಿರಲಿಲ್ಲ, ತೂಗುಹಾಕುತ್ತಿದ್ದಳು. ನನ್ನ ಬುಡದ ಏಣು ಅವಳ ಕಿರುಬೆರಳಿನ ಕೆಳಗೆ ಉಜ್ಜುತ್ತಿತ್ತು. ಬಾಗಿದ ಬೆರಳು ಆ ಜಾಗವನ್ನು ಮುಚ್ಚಿತ್ತು. ಅವಳಿಗೆ ನೋವಾಗಲಿಲ್ಲ. ನನಗೂ ತಿಳಿಯಲಿಲ್ಲ. ನನ್ನಿಂದಲೇ ಆಗುತ್ತಿತ್ತು, ನನಗೇ ತಿಳಿಯಲಿಲ್ಲ.

ದೀಪಾವಳಿಗೆ ಬಳೆ ತೊಡಿಸುವ ಹುಸೇನಬಿ ಬಂದಳು. ನೀಲವ್ವ ತೊಟ್ಟಳು, ಆಮೇಲೆ ಅಕ್ಕನನ್ನು ಬಲವಂತವಾಗಿ ಕೂರಿಸಿದಳು. ಹುಸೇನಬಿ ಕಾಶವ್ವನ ಬಲಗೈಯನ್ನು ಹಿಚುಕಿ ಹಸಿರು ಬಳೆ ಏರಿಸಲು ಹೋದಳು. ಬಾಗಿದ ಬೆರಳಿನ ಕೆಳಗಿನಿಂದ ಕೀವು, ನೆತ್ತರು ಒಟ್ಟಿಗೆ ಬಂತು. ಕಾಶವ್ವ ಅಡುಗೆಮನೆಯ ಕಡೆ ನೋಡುತ್ತಾ ಸುಮ್ಮನೆ ಕೂತಿದ್ದಳು.

"ಯಾ ಅಲ್ಲಾ! ಇಷ್ಟ ಹಿಚಕೀನಿ, ಹಾಂ ಅನ್ನಲಿಲ್ಲಲ್ಲವ್ವಾ ನೀ," ಎಂದು ಹುಸೇನಬಿ ಕೈ ಬಿಟ್ಟಳು.

ನೀಲವ್ವ ಆ ಕೈಯನ್ನು ನೋಡಿದಳು, ಅಕ್ಕನ ಮುಖವನ್ನು ನೋಡಿದಳು. "ನೋವಾಗಲಿಲ್ಲೇನ ನಿನಗ?"

"ಇಲ್ಲ. ಎಂದೂ ಆಗೂದಿಲ್ಲ," ಎಂದಳು ಕಾಶವ್ವ. ನನ್ನನ್ನು ಏಕೆ ಬಿಳಿ ಮಾಡಿಸಿಕೊಂಡಿದ್ದಳು ಎಂಬುದನ್ನೂ ಅಲ್ಲೇ, ಅಷ್ಟೇ ಸಪ್ಪಗೆ ಹೇಳಿದಳು.

ಹುಣ್ಣು ಎಲುಬಿಗೆ ಮುಟ್ಟಿತ್ತು. ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆದರು.

ಆ ದಿನ ಮನೆಗೆ ಬಂದ ನೀಲವ್ವ ಹಿತ್ತಲಿನಲ್ಲಿ ಕೂತು, ಒಡೆದ ಗಾಜಿನ ಚೂರಿನಿಂದ ನನ್ನ ಮೇಲಿನ ಬಣ್ಣ ಕೆರೆದಳು. ಬೆರಳು ಕೊಯ್ದುಕೊಂಡಾಗ ಸ್ ಎಂದಳು, ಆ ಬೆರಳನ್ನು ಬಹಳ ಹೊತ್ತು ನೋಡುತ್ತಾ ಕೂತಳು. ಮರುದಿನ ಕಾಳಪ್ಪನನ್ನು ಕೇಳಿಕೊಂಡು ಬಂದು ಎಂಟು ದಿನ ಅಗಸೆ ಎಣ್ಣೆ ಸವರಿದಳು. ನಾನು ಮತ್ತೆ ಬೆಳ್ಳಗಾದೆ. ಎಳೆಗಳ ನಡುವೆ ಒಂದೆರಡು ಕೆಂಪು ಗೆರೆ ಮಾತ್ರ ಹೋಗಲಿಲ್ಲ. ಕೈಯ ಸ್ಪರ್ಶ ಮೊದಲಿನಷ್ಟು ನನಗೆ ತಿಳಿಯುವುದೂ ಇಲ್ಲ.

ಕಾಶವ್ವ ಬಂದಾಗ ನೀಲವ್ವ ನನ್ನನ್ನು ಅವಳ ಕೈಗೇ ಕೊಟ್ಟಳು. ಮೂಲೆಯಲ್ಲಿ ಕೂರಿಸಲಿಲ್ಲ. "ಹೆಚ್ಚು. ಸಂಜಿಕ ಕೈ ನಾ ನೋಡ್ತೀನಿ," ಎಂದಳು, ಅಷ್ಟೇ. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ನೀಲವ್ವ ಅಕ್ಕನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸಿ ನೋಡುತ್ತಾಳೆ. ಕೆಂಪು ಗೆರೆಗಳಿರುವ ನನ್ನನ್ನು ಅವಳು ನಂಬುವುದಿಲ್ಲ. ಸರಿಯೇ.

ಇದಾಗಿ ಹನ್ನೊಂದು ವರ್ಷವಾಯಿತು. ನನ್ನ ಅಲಗು ಸವೆದು ಬೆರಳಷ್ಟು ಅಗಲವಾಗಿದೆ. ನೀಲವ್ವ ಹೊಸ ಚಾಕು ತಂದಿದ್ದಾಳೆ. ಅಂಗಡಿಯವನು ತೋರಿಸಿದ ಬಣ್ಣ ಬಣ್ಣದ್ದನ್ನೆಲ್ಲ ಬಿಟ್ಟು ಬಿಳಿ ಪ್ಲಾಸ್ಟಿಕ್ ಹಿಡಿಯದ್ದನ್ನೇ ಹುಡುಕಿ ತಂದಳಂತೆ. ಕಾಶವ್ವ ಈಗ ಅದರಲ್ಲಿ ಹೆಚ್ಚುತ್ತಾಳೆ. ನಾನು ಮೊಳೆಯ ಮೇಲೆ ಇದ್ದೇನೆ.

ಮೊನ್ನೆ ಖಂಡೇಪೂಜೆಗೆ ನನ್ನನ್ನೂ ಇಳಿಸಿದರು. ಸೌಟು, ಒನಕೆ, ಈಳಿಗೆ, ಹೊಸ ಚಾಕು, ಕೊನೆಗೆ ನಾನು. ನೀಲವ್ವ ಎಲ್ಲಕ್ಕೂ ಕುಂಕುಮದ ಬೊಟ್ಟು ಇಡುತ್ತಾ ಬಂದಳು. ಎರಡೂ ಚಾಕುಗಳ ಮುಂದೆ ಅವಳ ಕೈ ನಿಂತಿತು, ಪ್ರತಿ ವರ್ಷ ನನ್ನ ಮುಂದೆ ನಿಲ್ಲುವ ಹಾಗೆ.

"ಹಚ್ಚ ನೀಲೂ, ಒಂದು ಬೊಟ್ಟು. ಒರಸಿದ್ರ ಹೋಗತೈತಿ," ಎಂದಳು ಕಾಶವ್ವ.

"ಬ್ಯಾಡಕ್ಕ," ಎಂದು ನೀಲವ್ವ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ವಿಭೂತಿ ತೆಗೆದುಕೊಂಡು ನಮ್ಮಿಬ್ಬರಿಗೂ ಒಂದೊಂದು ಬಿಳಿ ಗೆರೆ ಎಳೆದಳು. ಆಮೇಲೆ, ಸಂಜೆಯಾಗಿರದಿದ್ದರೂ, ಅಕ್ಕನ ಬಲಗೈಯನ್ನು ಎಳೆದುಕೊಂಡು ನೋಡಿದಳು, ಒಂಬತ್ತೂ ಬೆರಳು ಇವೆಯೇ ಎಂದು ಎಣಿಸುವವಳಂತೆ ಎಡಗೈಯನ್ನೂ ಚಾಚಲು ಹೇಳಿದಳು.